ಕೇಳಿದ ಮಾತು ಯಾವ ಭಾಷೆ? — ರಾಜಘಟ್ಟದ ಬಿಲ್ಲೆಗಳೂ ಗ್ರೀಕ್ ಪ್ರಹಸನವೂ

೧

ಚರಿತ್ರಕಾರನಿಗೆ ದೊರೆಯುವ ಆಧಾರಗಳಲ್ಲಿ ಬಹುಪಾಲು ಕಣ್ಣಿಗೆ ಸಂಬಂಧಪಟ್ಟವು. ಶಾಸನ, ನಾಣ್ಯ, ಮಡಕೆಯ ಚೂರು, ಕಟ್ಟಡದ ತಳಪಾಯ, ಓಲೆಗರಿ — ಇವೆಲ್ಲವೂ ನೋಡಿ ನಿರ್ಣಯಿಸತಕ್ಕ ವಸ್ತುಗಳು. ಆದರೆ ಜನಜೀವನ ನಡೆಯುವುದು ಹೆಚ್ಚಾಗಿ ಮಾತಿನಲ್ಲಿ. ಮಾತಾದರೋ ಆಡಿದ ಕ್ಷಣದಲ್ಲಿಯೇ ಅಳಿದುಹೋಗುವಂಥದು. ಅರ್ಥವನ್ನರಿಯದೆ, ಬರೆಹದ ನೆರವಿಲ್ಲದೆ, ಕೇವಲ ಕಿವಿಗೆ ಬಿದ್ದ ಧ್ವನಿಯಿಂದ ಇದು ಇಂಥ ಭಾಷೆಯೆಂದು ಹೇಳುವುದು ಎಷ್ಟರಮಟ್ಟಿಗೆ ಸಾಧ್ಯ? ಹಾಗೆ ಹೇಳಿದುದನ್ನು ಚರಿತ್ರೆಯ ಆಧಾರವೆಂದು ಸ್ವೀಕರಿಸಬಹುದೆ? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಪ್ರಶ್ನೆಯ ಸ್ವರೂಪವನ್ನು ಸ್ಪಷ್ಟಪಡಿಸಲು ನಮ್ಮ ಸಮೀಪದ ಒಂದು ಸ್ಥಳದಿಂದಲೇ ಆರಂಭಿಸಬಹುದು. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ವಿಭಾಗದವರು ಪ್ರಾಧ್ಯಾಪಕ ಎಂ. ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ೨೦೦೧ ಮತ್ತು ೨೦೦೪ರಲ್ಲಿ ಉತ್ಖನನ ನಡೆಸಿ, ಕ್ರಿಸ್ತಶಕದ ಮೊದಲ ಕೆಲವು ಶತಮಾನಗಳಿಗೆ ಸೇರಿದ ಬೌದ್ಧ ಚೈತ್ಯವಿಹಾರಗಳ ಅವಶೇಷಗಳನ್ನು ಹೊರತೆಗೆದರು. ಅಲ್ಲಿ ದೊರೆತವುಗಳಲ್ಲಿ ಹಸಿಮಣ್ಣಿನಿಂದ ಮಾಡಿದ ಹರಕೆಯ ಪುಟ್ಟ ಸ್ತೂಪಗಳೂ ಅವುಗಳೊಳಗೆ ಇರಿಸಿದ, ಬ್ರಾಹ್ಮೀ ಲಿಪಿಯ ಧರ್ಮವಾಕ್ಯವನ್ನೊತ್ತಿದ ಬಿಲ್ಲೆಗಳೂ ಮುಖ್ಯವಾದವು. ಕರ್ನಾಟಕದ ದಕ್ಷಿಣ ಭಾಗದಲ್ಲಿ ಬೌದ್ಧ ಧರ್ಮವು ನೆಲೆಗೊಂಡಿತ್ತೆಂಬುದಕ್ಕೆ ಇದು ಅಮೂಲ್ಯವಾದ ಸಾಕ್ಷ್ಯ.

ಈಗ ಒಂದು ಮಾತನ್ನು ಯೋಚಿಸಬೇಕು. ಬಿಲ್ಲೆಯಲ್ಲಿರುವ ಧರ್ಮವಾಕ್ಯದ ಭಾಷೆ ಉತ್ತರದಿಂದ ಬಂದ ಶಾಸ್ತ್ರಭಾಷೆ. ಆದರೆ ಮಣ್ಣನ್ನು ಕಲಸಿದವನು, ಅಚ್ಚನ್ನೊತ್ತಿದವನು, ಹರಕೆ ಹೊತ್ತು ಬಂದ ಒಕ್ಕಲಿಗ ಅಥವಾ ವ್ಯಾಪಾರಿ, ಇವರು ತಮ್ಮ ತಮ್ಮಲ್ಲಿ ಆಡುತ್ತಿದ್ದ ಮಾತು ಯಾವುದು? ಬಿಲ್ಲೆ ಇದಕ್ಕೆ ಉತ್ತರ ಕೊಡುವುದಿಲ್ಲ. ಇಲ್ಲಿ ಬರೆಹವಿದೆ, ಧ್ವನಿಯಿಲ್ಲ. ಇದಕ್ಕೆ ನೇರ ಎದುರಾದ ಇನ್ನೊಂದು ಸಂದರ್ಭವೂ ನಮ್ಮ ನಾಡಿನ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ: ಸುಮಾರು ಅದೇ ಯುಗದಲ್ಲಿ ಭಾರತದ ಕಡಲತೀರದ ಜನರ ಮಾತೆಂದು ಗ್ರೀಕನೊಬ್ಬನು ತನ್ನ ಅಕ್ಷರಗಳಲ್ಲಿ ಬರೆದಿಟ್ಟ ಧ್ವನಿಗಳ ಸಾಲುಗಳಿವೆ, ಅಲ್ಲಿ ಧ್ವನಿಯಿದೆ, ಆದರೆ ಅದು ಯಾವ ಭಾಷೆಯೆಂಬುದೇ ವಿವಾದದ ವಿಷಯ. ಅದು ಕನ್ನಡವೆಂಬ ಅಭಿಪ್ರಾಯ ಒಂದು ಶತಮಾನಕ್ಕೂ ಮಿಕ್ಕಿ ನಮ್ಮಲ್ಲಿ ಪ್ರಚಾರದಲ್ಲಿದ್ದು, ಕನ್ನಡದ ಪ್ರಾಚೀನತೆಯ ಚರ್ಚೆಯಲ್ಲಿ ಮತ್ತೆ ಮತ್ತೆ ಉದಾಹೃತವಾಗುತ್ತ ಬಂದಿದೆ. ಆದುದರಿಂದ ಕಿವಿಯ ಸಾಕ್ಷ್ಯದ ಬೆಲೆಯನ್ನು ಕಟ್ಟುವುದು ನಮಗೆ ಕೇವಲ ಕುತೂಹಲದ ವಿಷಯವಲ್ಲ.

೨

ಮೊದಲು ಕಿವಿಯ ಶಕ್ತಿಯನ್ನೂ ಮಿತಿಯನ್ನೂ ನೋಡೋಣ. ದೊಡ್ಡಬಳ್ಳಾಪುರದ ಸಂತೆಬೀದಿಯಲ್ಲಿ ನಿಂತವನ ಕಿವಿಗೆ ಕನ್ನಡ, ತೆಲುಗು, ಉರ್ದು ಈ ಮೂರೂ ಬೀಳುತ್ತವೆ. ಉತ್ತರಕ್ಕೆ ಗೌರಿಬಿದನೂರನ್ನು ದಾಟಿದರೆ ಹಿಂದೂಪುರದ ತೆಲುಗು ಸೀಮೆ. ಈ ಭಾಗದ ಅನೇಕ ಮನೆಗಳಲ್ಲಿ ಮನೆಮಾತು ತೆಲುಗು, ಬೀದಿಯ ಮಾತು ಕನ್ನಡ. ಇಲ್ಲಿಯ ಮಕ್ಕಳು ಒಂದು ವಾಕ್ಯ ಮುಗಿಯುವುದರೊಳಗೆ ಭಾಷೆಯನ್ನು ಗುರುತಿಸುತ್ತಾರೆ. ಹೊಸಬನಿಗಾದರೋ ಕನ್ನಡ ತೆಲುಗುಗಳೆರಡೂ ಒಂದೇ ಬಗೆಯಾಗಿ ಕೇಳಿಸುವುವು. ಎರಡರಲ್ಲಿಯೂ ಶಬ್ದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ವ್ಯಂಜನದಲ್ಲಿ ಮುಗಿಯುವ ಶಬ್ದಗಳು ಹೇರಳವಾಗಿರುವ ತಮಿಳನ್ನು ಅವನು ಬೇಗನೆ ಬೇರ್ಪಡಿಸಬಲ್ಲನು.

ದೂರದ ಭಾಷೆಗಳನ್ನು ಬೇರ್ಪಡಿಸುವುದು ಸುಲಭ, ಸಮೀಪದವುಗಳನ್ನು ಬೇರ್ಪಡಿಸುವುದು ಕಷ್ಟ ಎಂಬ ಈ ಅನುಭವಕ್ಕೆ ಪ್ರಯೋಗದ ಬೆಂಬಲವೂ ಇದೆ. ೧೯೯೮ರಲ್ಲಿ ನಾಜಿ, ಬರ್ತೊನ್ಚಿನಿ ಮತ್ತು ಮೆಹ್ಲರ್ ಎಂಬ ವಿದ್ವಾಂಸರು ಪ್ರಕಟಿಸಿದ ಅಧ್ಯಯನದ ಪ್ರಕಾರ ಫ್ರಾನ್ಸಿನ ನವಜಾತ ಶಿಶುಗಳು ಇಂಗ್ಲಿಷನ್ನೂ ಜಪಾನಿಯನ್ನೂ ಲಯದಿಂದಲೇ ಬೇರೆಯೆಂದರಿತವು. ಇಂಗ್ಲಿಷನ್ನೂ ಡಚ್ಚನ್ನೂ ಬೇರ್ಪಡಿಸಲಾರದೆ ಹೋದವು. ಅರ್ಥಜ್ಞಾನ ಹುಟ್ಟುವ ಮೊದಲೇ ಕಿವಿಯು ಲಯವನ್ನು ಹಿಡಿಯುತ್ತದೆ. ಲಯವೊಂದೇ ಆದಲ್ಲಿ ಸೋಲುತ್ತದೆ.

ಸಮೀಪದ ಭಾಷೆಗಳನ್ನು ಬೇರ್ಪಡಿಸಬೇಕಾದರೆ ಒಂದೆರಡು ನಿರ್ದಿಷ್ಟ ಧ್ವನಿಗಳನ್ನು ಹಿಡಿಯಬೇಕಾಗುತ್ತದೆ. ‘ಕಿವಿ’ ಎಂಬ ಶಬ್ದವೇ ಇದಕ್ಕೆ ಒಳ್ಳೆಯ ನಿದರ್ಶನ. ಕನ್ನಡದಲ್ಲಿ ಕಿವಿ, ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಚೆವಿ, ತುಳುವಿನಲ್ಲಿ ಕೆಬಿ. ಹಾಗೆಯೇ ನಮ್ಮ ಕೆರೆ ತೆಲುಗಿನಲ್ಲಿ ಚೆರುವು. ನಮ್ಮ ಹಾಲು ತೆಲುಗಿನಲ್ಲಿ ಪಾಲು, ತಮಿಳಿನಲ್ಲಿ ಪಾಲ್. ನಮ್ಮ ಹಳ್ಳಿ ತೆಲುಗಿನಲ್ಲಿ ಪಲ್ಲೆ. ನಮ್ಮ ಬೇರೆ ತೆಲುಗಿನಲ್ಲಿ ವೇರೆ, ತಮಿಳಿನಲ್ಲಿ ವೇಱು. ಇಕಾರ ಎಕಾರಗಳ ಹಿಂದೆ ಉಳಿದ ಕಕಾರ, ಪಕಾರದ ಸ್ಥಾನದ ಹಕಾರ, ವಕಾರದ ಸ್ಥಾನದ ಬಕಾರ — ಈ ಮೂರು ಗುರುತುಗಳು ಇಂದಿನ ಕನ್ನಡವನ್ನು ಅದರ ನೆರೆಯವರಿಂದ ಪ್ರತ್ಯೇಕಿಸಲು ಬಹುಮಟ್ಟಿಗೆ ಸಾಕು.

ಇಂಥ ಒಂದೇ ಧ್ವನಿಯ ಮೇಲೆ ಜನರ ಪ್ರಾಣವೂ ನಿಂತದ್ದುಂಟು. ಬೈಬಲಿನ ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೋರ್ದಾನ್ ನದಿಯ ಹಾಯ್ಗಡಗಳಲ್ಲಿ ಗಿಲ್ಯಾದಿನವರು ‘ಶಿಬ್ಬೋಲೆತ್’ ಎನ್ನಬೇಕೆಂದು ಕೇಳಿ, ಶಕಾರವನ್ನು ಉಚ್ಚರಿಸಲಾರದೆ ಸಕಾರದಿಂದ ನುಡಿದ ಎಫ್ರಾಯಿಮಿನವರನ್ನು ಕೊಂದರೆಂದೂ ಹಾಗೆ ಸತ್ತವರು ೪೨,೦೦೦ ಮಂದಿಯೆಂದೂ ಹೇಳಿದೆ. ಕಿವಿಯ ತೀರ್ಪು ಲಘುವಾದುದಲ್ಲವೆಂಬುದಕ್ಕೆ ಇಷ್ಟು ಸಾಕು.

೩

ನಮ್ಮ ದೇಶದಲ್ಲಿ ಭಾಷೆಗಳನ್ನು ಕಿವಿಯಿಂದ ಗುರುತಿಸಿ ದಾಖಲೆ ಮಾಡಿದ ಪ್ರಾಚೀನರಲ್ಲಿ ಜೈನಾಚಾರ್ಯ ಉದ್ಯೋತನಸೂರಿಯು ಗಣ್ಯನು. ರಾಜಸ್ಥಾನದ ಜಾಲೋರಿನಲ್ಲಿ ಕ್ರಿ. ಶ. ೭೭೯ರಲ್ಲಿ ಅವನು ಮುಗಿಸಿದ ‘ಕುವಲಯಮಾಲಾ’ ಎಂಬ ಪ್ರಾಕೃತ ಕಥಾಗ್ರಂಥವನ್ನು ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾಕ್ಟರ್ ಆ. ನೇ. ಉಪಾಧ್ಯೆಯವರು ಸಂಪಾದಿಸಿದರು, ಮೊದಲ ಭಾಗ ೧೯೫೯ರಲ್ಲಿಯೂ ಎರಡನೆಯದು ೧೯೭೦ರಲ್ಲಿಯೂ ಹೊರಬಂದುವು. ಇದರಲ್ಲಿ ಕಥಾನಾಯಕನು ದಕ್ಷಿಣದ ವಿಜಯಪುರಿಯ ಅಂಗಡಿಬೀದಿಯಲ್ಲಿ ನಡೆಯುತ್ತ ನಾನಾ ದೇಶದ ವರ್ತಕರ ಮಾತನ್ನು ಕೇಳುವ ಪ್ರಸಂಗವೊಂದಿದೆ. ದೇಶಭಾಷೆಗಳು ಹದಿನೆಂಟೆಂದು ಹೇಳಿ, ಗೊಲ್ಲ, ಮಗಧ, ಸಿಂಧು, ಗುರ್ಜರ, ಲಾಟ, ಮಾಳವ, ಕರ್ಣಾಟ, ಮರಹಟ್ಟ, ಆಂಧ್ರ ಮೊದಲಾದ ಹದಿನಾರು ಜನಗಳ ರೂಪ, ಸ್ವಭಾವ, ಮಾತಿನ ಒಂದೊಂದು ತುಣುಕು ಇವುಗಳನ್ನು ಗ್ರಂಥಕಾರನು ಕೊಟ್ಟಿದ್ದಾನೆ.

ಈ ತುಣುಕುಗಳನ್ನು ಪರೀಕ್ಷಿಸಿದರೆ ಒಂದು ಸಂಗತಿ ತಿಳಿದುಬರುತ್ತದೆ. ತನ್ನ ಭಾಷೆಗೆ ಹತ್ತಿರವಾದ ಉತ್ತರದ ಜನರ ಬಾಯಲ್ಲಿ ಉದ್ಯೋತನನು ಇಡುವುದು ನಿಜವಾದ ಶಬ್ದಗಳನ್ನು. ಸರ್ವನಾಮಗಳು, ಸಂಬಂಧವಾಚಕಗಳು ಅಲ್ಲಿ ಸ್ಪಷ್ಟವಾಗಿವೆ. ಮರಹಟ್ಟರ ತುಣುಕಿನಲ್ಲಿ ಇಂದಿನ ಮರಾಠಿಯ ಲಕಾರಯುಕ್ತ ಭೂತರೂಪವನ್ನು ಕೂಡ ವಿದ್ವಾಂಸರು ಕಂಡಿದ್ದಾರೆ. ದಕ್ಷಿಣಕ್ಕೆ ಬಂದಾಗ ಅರ್ಥ ಮರೆಯಾಗಿ ಪ್ರಾಸ ಮಾತ್ರ ಉಳಿಯುತ್ತದೆ. ಕರ್ಣಾಟಕರ ತುಣುಕು ‘ಮರೆ’ ಎಂಬ ಧ್ವನಿಯಲ್ಲಿಯೂ ಆಂಧ್ರರದು ‘ರಟಿಂ’ ಎಂಬ ಧ್ವನಿಯಲ್ಲಿಯೂ ಮುಗಿಯುತ್ತವೆ. ಎರಡರಲ್ಲಿಯೂ ಮೂರ್ಧನ್ಯಾಕ್ಷರಗಳು ಒಂದರ ಹಿಂದೊಂದು ಉರುಳುತ್ತವೆ. ಜಾಲೋರಿನ ಕಿವಿಗೆ ಕನ್ನಡ ತೆಲುಗುಗಳು ಹೇಗೆ ಕೇಳಿಸುತ್ತಿದ್ದುವೆಂಬುದಕ್ಕೆ ಇದು ಬೆಲೆಯುಳ್ಳ ದಾಖಲೆ. ಆದರೆ ಗ್ರಂಥಕಾರನು ‘ಕರ್ಣಾಟಕರು’ ಎಂದು ಹೆಸರಿಸದೆ ತುಣುಕನ್ನು ಮಾತ್ರ ಬಿಟ್ಟುಹೋಗಿದ್ದರೆ ಅದು ಕನ್ನಡವೆಂದು ಯಾರೂ ಸಾಧಿಸಲಾರರು. ಕೇಳುವವನು ಭಾಷೆಯನ್ನರಿಯದಿದ್ದಾಗ ಅವನು ಹಿಡಿಯುವುದು ನುಡಿಯ ಛಾಯೆಯನ್ನೇ ಹೊರತು ನುಡಿಯನ್ನಲ್ಲ.

೪

ಈ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು ಗ್ರೀಕ್ ಪ್ರಹಸನದ ಕಡೆಗೆ ತಿರುಗಬಹುದು. ರೋಮನ್ ಸಾಮ್ರಾಜ್ಯದ ವ್ಯಾಪಾರಕ್ಕೂ ನಮ್ಮ ನಾಡಿಗೂ ಸಂಬಂಧವಿತ್ತೆಂಬುದು ನಿರ್ವಿವಾದ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿಯೂ ಮುಂದೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ರೋಮನ್ ನಾಣ್ಯಗಳು ದೊರೆತಿವೆ. ಹೀಗಿರುವಲ್ಲಿ ಪಶ್ಚಿಮ ಕರಾವಳಿಯ ಮಾತು ಈಜಿಪ್ಟಿನ ನಾವಿಕರ ಕಿವಿಗೆ ಬಿದ್ದಿತ್ತೆಂಬುದು ಅಸಂಭವವಲ್ಲ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಪಪೈರಸ್ಸುಗಳಲ್ಲಿ ೪೧೩ನೆಯದನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ೧೯೦೩ರಲ್ಲಿ ಪ್ರಕಟಿಸಿದರು. ಕ್ರಿ. ಶ. ೨ನೆಯ ಶತಮಾನದ ಈ ಪ್ರತಿ ಒಂದು ಹಾಸ್ಯರೂಪಕದ ಭಾಗ. ಕಾರಿಷಿಯನ್ ಎಂಬ ಗ್ರೀಕ್ ತರುಣಿ ಭಾರತದ ಕಡಲತೀರದ ದೇವಾಲಯವೊಂದರಲ್ಲಿ ಸೆರೆಯಾಗಿದ್ದಾಳೆ. ಅವಳ ಸೋದರನೂ ಸಂಗಡಿಗರೂ ಬಂದು, ಸ್ಥಳೀಯ ರಾಜನಿಗೂ ಪರಿವಾರಕ್ಕೂ ನೀರು ಬೆರಸದ ಮದ್ಯವನ್ನು ಕುಡಿಸಿ, ಅವರು ಮತ್ತರಾದಾಗ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ವಿದೂಷಕನೂ ಇದ್ದಾನೆ; ವಾದ್ಯ ಬಾರಿಸಬೇಕಾದ ಸ್ಥಳಗಳ ಸೂಚನೆಗಳೂ ಇವೆ. ರಾಜನೂ ಅವನ ಕಡೆಯವರೂ ಆಡುವ ಮಾತು ಗ್ರೀಕ್ ಅಕ್ಷರಗಳಲ್ಲಿದ್ದರೂ ಗ್ರೀಕ್ ಭಾಷೆಯಲ್ಲ.

ಆ ಮಾತು ಕನ್ನಡವಾಗಿರಬಹುದೆಂದು ಮೊದಲು ಸೂಚಿಸಿದವರು ಮದರಾಸು ಸರ್ಕಾರದ ಶಾಸನತಜ್ಞರಾಗಿದ್ದ ಹುಲ್ಟ್ಷ್, ವರ್ಷ ೧೯೦೪. ಅರ್ಥಶಾಸ್ತ್ರದ ಶೋಧಕರೆಂದು ಖ್ಯಾತರಾದ ಆರ್. ಶಾಮಶಾಸ್ತ್ರಿಗಳು ಮೈಸೂರು ಪುರಾತತ್ತ್ವ ಇಲಾಖೆಯ ೧೯೨೬ರ ವಾರ್ಷಿಕ ವರದಿಯಲ್ಲಿ ಈ ಸೂಚನೆಯನ್ನು ವಿಸ್ತರಿಸಿ, ಅನೇಕ ವಾಕ್ಯಗಳಿಗೆ ಕನ್ನಡದ ಓದನ್ನು ಕೊಟ್ಟರು. ಅದೇ ವರ್ಷ ಎಲ್. ಡಿ. ಬಾರ್ನೆಟ್ಟರು ಈ ವಾದವನ್ನು ಒಪ್ಪದೆ ಪ್ರತ್ಯೇಕ ಲೇಖನವನ್ನು ಬರೆದರು. ೧೯೩೬ರಲ್ಲಿ ತುಳುವ ಚರಿತ್ರೆಯನ್ನು ಬರೆದ ಬಿ. ಎ. ಸಾಲೆತ್ತೂರರು ಮಲ್ಪೆಯ ಹೆಸರು ಆ ಧ್ವನಿಗಳಲ್ಲಿ ಅಡಗಿದೆಯೆಂದು ಭಾವಿಸಿದರು. ೧೯೮೫ರಲ್ಲಿ ಶಿವಪ್ರಸಾದ ರೈಯವರು ಅದು ಕನ್ನಡವಲ್ಲ, ತುಳು ಎಂದು ವಾದಿಸಿದರು. ಭಾಷೆಯೇ ಅಲ್ಲ, ಪ್ರೇಕ್ಷಕರನ್ನು ನಗಿಸಲು ಕಟ್ಟಿದ ಅರ್ಥಹೀನ ಧ್ವನಿಸಮೂಹವೆಂಬ ಮತವೂ ಇದೆ.

ಇವರೆಲ್ಲರೂ ಮಾಡಿದುದು ಒಂದೇ ಕೆಲಸ. ಹದಿನೆಂಟು ಶತಮಾನಗಳ ಹಿಂದೆ ಬೇರೊಬ್ಬನ ಕಿವಿ ಹಿಡಿದ ಧ್ವನಿಗೆ ತಮ್ಮ ಕಿವಿಯನ್ನು ಕೊಟ್ಟು, ಇದು ಯಾವ ಭಾಷೆಯೆಂದು ಊಹಿಸಿದರು. ಕನ್ನಡ ಪಕ್ಷಕ್ಕೆ ಬಲ ಕೊಡುವ ಶಬ್ದಗಳಲ್ಲಿ ನಾಲ್ಕೈದನ್ನು ಈಗ ಪರಿಶೀಲಿಸೋಣ.

೫

‘ಕೊಂಜೆಯ್’ ಎಂದು ಕೇಳಿಸುವ ಶಬ್ದವನ್ನು ಕನ್ನಡದ ‘ಕೊಂಚ’ ಎಂದು ಓದಲಾಗಿದೆ. ಕುಡಿತದ ಸಂದರ್ಭಕ್ಕೆ ಅರ್ಥವು ಹೊಂದುತ್ತದೆ. ಆದರೆ ಇದೇ ಶಬ್ದ ತೆಲುಗಿನಲ್ಲಿ ಕೊಂಚೆಮು, ತಮಿಳಿನಲ್ಲಿ ಕೊಂಜಂ. ಮೂವರಿಗೂ ಸೇರಿದ ಸ್ವತ್ತನ್ನು ತೋರಿಸಿ ಒಬ್ಬನ ಮನೆಯೆಂದು ಹೇಳಲಾಗದು.

‘ಪೆತ್ರೆಕಿಯೊ’ ಎಂಬುದನ್ನು ‘ಪಾತ್ರಕ್ಕೆ’ ಎಂದು ಓದಿದ್ದಾರೆ. ಪಾತ್ರ ಸಂಸ್ಕೃತ ಶಬ್ದ. ಭಾರತದ ಯಾವ ಭಾಷೆಯಲ್ಲಿಯಾದರೂ ಬರಬಹುದು. ಚತುರ್ಥಿಯ ಕಕಾರವು ತಮಿಳು ತೆಲುಗುಗಳಲ್ಲಿಯೂ ಇದೆ. ‘ದಮುನ್’ ಎಂಬುದು ‘ಮಧು’ ಆಗಬೇಕಾದರೆ ಅಕ್ಷರಗಳನ್ನು ಅದಲುಬದಲು ಮಾಡಬೇಕು. ಅಷ್ಟು ಸ್ವಾತಂತ್ರ್ಯ ವಹಿಸಿದರೆ ಬೇರೆ ಶಬ್ದಗಳಿಗೂ ಎಡೆಯಾಗುತ್ತದೆ.

‘ಪಕ್ತೆಯ್’ ಎಂಬುದನ್ನು ಶಾಸ್ತ್ರಿಗಳು ‘ಹಾಕಿ’ ಎಂದು ಓದಿದರು. ಈ ಹಕಾರ ಎರಡನೆಯ ಶತಮಾನದ್ದಾಗಿರಲಾರದು. ಪಕಾರವು ಹಕಾರವಾಗುವುದು ಸುಮಾರು ಹತ್ತನೆಯ ಶತಮಾನದಿಂದೀಚೆಗೆ ನಮ್ಮ ಶಾಸನಗಳಲ್ಲಿ ಕಾಣಿಸಿಕೊಂಡು ಕ್ರಮೇಣ ಬಲಗೊಂಡ ವ್ಯತ್ಯಾಸ. ಪಪೈರಸ್ಸಿನಲ್ಲಿ ಪಕಾರವೇ ಇರುವುದು ಕನ್ನಡ ಪಕ್ಷಕ್ಕೆ ಅನುಕೂಲವೆಂದು ಹೇಳಬಹುದು. ಹಳಗನ್ನಡಕ್ಕೆ ಅದೇ ಸಹಜ. ಆದರೆ ಆ ಕಾಲದಲ್ಲಿ ಪಕಾರವು ಎಲ್ಲ ನೆರೆಭಾಷೆಗಳಿಗೂ ಸಮಾನವಾಗಿದ್ದುದರಿಂದ ಅದು ಯಾರ ಗುರುತೂ ಆಗುವುದಿಲ್ಲ. ಇಂದು ನಾವು ಕನ್ನಡವೆಂದು ಹಿಡಿಯುವ ಗುರುತು ಆಗ ಹುಟ್ಟಿಯೇ ಇರಲಿಲ್ಲ.

ಉಳಿದವುಗಳಲ್ಲಿ ಅತ್ಯಂತ ಗಟ್ಟಿಯಾದುದು ‘ಬೆರೆ’. ಇದನ್ನು ‘ಬೇರೆ’ ಎಂದು ತೆಗೆದುಕೊಂಡರೆ ತೆಲುಗು ತಮಿಳುಗಳ ವಕಾರಕ್ಕೆ ಎದುರಾಗಿ ಕನ್ನಡದ ಬಕಾರ ಸಿಕ್ಕಿದಂತಾಗುತ್ತದೆ. ಆದರೆ ಇಲ್ಲಿ ಎರಡು ತೊಡಕುಗಳಿವೆ. ಒಂದನೆಯದಾಗಿ, ಕನ್ನಡದಲ್ಲಿ ಪದಾದಿಯ ವಕಾರವು ಬಕಾರವಾಗಿ ನೆಲೆಗೊಂಡುದೇ ಶಾಸನಗಳ ಯುಗದಲ್ಲಿ. ಎರಡನೆಯದಾಗಿ, ಗ್ರೀಕ್ ಬರೆಹಗಾರನು ಉಪಯೋಗಿಸಿದ ಬೀಟಾ ಎಂಬ ಅಕ್ಷರದ ಉಚ್ಚಾರಣೆ ಆ ಕಾಲದಲ್ಲಿ ಬಕಾರದಿಂದ ವಕಾರದ ಕಡೆಗೆ ಸರಿಯುತ್ತಿತ್ತು. ಲ್ಯಾಟಿನ್ ಹೆಸರುಗಳ ವಕಾರವನ್ನೂ ಗ್ರೀಕರು ಅನೇಕ ವೇಳೆ ಇದೇ ಅಕ್ಷರದಿಂದ ಬರೆಯುತ್ತಿದ್ದರು. ಆದುದರಿಂದ ಅವನು ಕೇಳಿದುದು ಬಕಾರವೋ ವಕಾರವೋ ಎಂಬುದನ್ನು ಈ ಅಕ್ಷರವು ತಿಳಿಸಲಾರದು. ಕನ್ನಡವನ್ನು ಬೇರ್ಪಡಿಸಬಲ್ಲ ಒಂದೇ ಒಂದು ಧ್ವನಿಯು ಅದನ್ನು ಬರೆದ ಲಿಪಿಯಲ್ಲಿಯೇ ಮಸುಕಾಗಿದೆ.

ಹಾಗಾದರೆ ಇದೆಲ್ಲವೂ ಅರ್ಥಹೀನ ಧ್ವನಿಯೆಂದು ತಳ್ಳಿಹಾಕಬೇಕೆ? ಅದೂ ಅವಸರದ ಮಾತಾದೀತು. ಪ್ರಹಸನದಲ್ಲಿಯೇ ಕೆಲವೆಡೆ ಗ್ರೀಕ್ ಪಾತ್ರವೊಂದು ರಾಜನ ಮಾತಿಗೆ ಅರ್ಥವನ್ನು ಹೇಳುತ್ತದೆ. ಇದಕ್ಕೆ ಸಮಾನವಾದ ರೋಮನ್ ನಿದರ್ಶನವೂ ಇದೆ. ಕ್ರಿಸ್ತಪೂರ್ವ ೨ನೆಯ ಶತಮಾನದ ಆರಂಭಕಾಲದ ಪ್ಲಾಟಸ್ ಕವಿಯ ‘ಪೊಯಿನುಲುಸ್’ ನಾಟಕದಲ್ಲಿ ಕಾರ್ಥೇಜಿನ ವರ್ತಕನೊಬ್ಬನು ತನ್ನ ಪ್ಯೂನಿಕ್ ಭಾಷೆಯಲ್ಲಿ ಮಾತನಾಡುತ್ತಾನೆ. ಪಕ್ಕದಲ್ಲಿದ್ದ ಮಿಲ್ಫಿಯೊ ಎಂಬ ಸೇವಕನು ತನಗೆ ಆ ಭಾಷೆ ಚೆನ್ನಾಗಿ ಬರುವುದೆಂದು ಹೇಳಿಕೊಂಡು, ಲ್ಯಾಟಿನ್ ಶಬ್ದಗಳನ್ನು ಹೋಲುವ ಧ್ವನಿಗಳನ್ನು ಹಿಡಿದು ಮನಬಂದಂತೆ ಅರ್ಥ ಹೇಳುತ್ತಾನೆ. ಪ್ರೇಕ್ಷಕರು ನಗುವುದು ಇದಕ್ಕೆ. ಆದರೆ ಆ ಪ್ಯೂನಿಕ್ ಮಾತು ಅರ್ಥಹೀನವಾಗಿರಲಿಲ್ಲ. ಫಿನೀಷಿಯನ್ ಶಾಸನಗಳ ಅಧ್ಯಯನ ಬೆಳೆದ ಮೇಲೆ, ಪ್ರತಿಗಳಲ್ಲಿ ಕೆಟ್ಟುಹೋಗಿದ್ದರೂ ಅದು ನಿಜವಾದ ಪ್ಯೂನಿಕ್ ಎಂದು ವಿದ್ವಾಂಸರು ಸ್ಥಾಪಿಸಿದರು. ಪರಭಾಷೆಯನ್ನು ರಂಗದಲ್ಲಿ ನಿಜವಾಗಿಯೇ ನುಡಿಸುವ ಪದ್ಧತಿಯಿತ್ತೆಂಬುದು ಇದರಿಂದ ತಿಳಿಯುತ್ತದೆ. ಅದನ್ನು ತಾಯ್ನುಡಿಯ ಕಿವಿಯಿಂದ ಕೇಳಿದವನು ತಪ್ಪುತ್ತಾನೆಂಬುದೂ ತಿಳಿಯುತ್ತದೆ. ಪ್ಯೂನಿಕ್ಕಿಗೆ ಹೋಲಿಸಲು ಸಮೀಪಕಾಲದ ಶಾಸನಗಳಿದ್ದುವು. ನಮಗಾದರೋ ಎರಡನೆಯ ಶತಮಾನದ ಕನ್ನಡ ವಾಕ್ಯವೊಂದೂ ಹೋಲಿಕೆಗೆ ಕೈಯಲ್ಲಿಲ್ಲ. ವ್ಯತ್ಯಾಸವಿರುವುದು ಇಲ್ಲಿ.

ಈ ಪರಿಶೀಲನೆಯಿಂದ ಮೂರು ನಿಯಮಗಳನ್ನು ಹೊರಡಿಸಬಹುದು. ನೆರೆಭಾಷೆಗಳೊಡನೆ ಸಮಾನವಾದ ಶಬ್ದವು ಭಾಷಾನಿರ್ಣಯಕ್ಕೆ ಸಾಕ್ಷಿಯಲ್ಲ. ಭೇದಕವಾದ ಧ್ವನಿ ಮಾತ್ರ ಸಾಕ್ಷಿ. ಆ ಭೇದವು ಆ ಕಾಲದಲ್ಲಿ ಹುಟ್ಟಿತ್ತೆಂದು ಬೇರೆ ಆಧಾರಗಳಿಂದ ತಿಳಿದಿರಬೇಕು. ಒಂದು ಭಾಷೆಗೆ ಕೊಟ್ಟ ಸ್ವಾತಂತ್ರ್ಯವನ್ನೇ ಪ್ರತಿಪಕ್ಷದ ಭಾಷೆಗೂ ಕೊಟ್ಟು ಓದಿ ನೋಡಬೇಕು. ಎರಡೂ ಅಷ್ಟೇ ಸುಲಭವಾಗಿ ಹೊಂದಿದರೆ ಯಾವುದೂ ಸಿದ್ಧವಾಗಲಿಲ್ಲ. ಕನ್ನಡಿಗರಿಗೆ ಕನ್ನಡವಾಗಿಯೂ ತುಳುವರಿಗೆ ತುಳುವಾಗಿಯೂ ಕೇಳಿಸಿದ ಈ ಪಪೈರಸ್ಸು ಮೂರನೆಯ ನಿಯಮಕ್ಕೆ ತಾನೇ ನಿದರ್ಶನವಾಗಿದೆ.

೬

ಕಿವಿಯನ್ನೇ ನಂಬಿದ ದಾಖಲೆಗಳು ನಮಗೆ ಇನ್ನೂ ಹತ್ತಿರದಲ್ಲಿಯೂ ಇವೆ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ದೊಡ್ಡಬಳ್ಳಾಪುರದ ಮೂಲಕ ಹಾದುಹೋದನು. ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಅನೇಕ ಜಾತಿಗಳ ವಿಷಯವಾಗಿ ಅವರ ಮನೆಮಾತು ಕರ್ಣಾಟಕವೋ ತೆಲುಗೋ ಎಂಬ ಉಲ್ಲೇಖವಿದೆ. ಅದರಿಂದ ಅವರ ಮೂಲಸ್ಥಾನವನ್ನು ಊಹಿಸಿದ್ದೂ ಇದೆ. ಬುಕಾನನ್ನನಿಗೆ ದುಭಾಷಿಯ ನೆರವು ಅಗತ್ಯವಾಗಿತ್ತು. ಆದುದರಿಂದ ಅವನ ಪುಸ್ತಕದಲ್ಲಿ ನಾವು ಓದುತ್ತಿರುವುದು ಬಹುಮಟ್ಟಿಗೆ ದುಭಾಷಿಯ ಕಿವಿಯನ್ನು. ಈ ಎಚ್ಚರವಿಲ್ಲದೆ ಅಂಥ ಉಲ್ಲೇಖಗಳ ಮೇಲೆ ವಲಸೆಯ ಚರಿತ್ರೆಯನ್ನು ಕಟ್ಟುವುದು ಯುಕ್ತವಲ್ಲ.

ಶಾಸನಗಳಾದರೂ ಪೂರ್ತಿ ನೆರವಾಗುವುವೆಂದು ತಿಳಿಯಬಾರದು. ರೈಸ್ ಸಾಹೇಬರು ೧೯೦೫ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟದಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಸಂಸ್ಕೃತ ಶಾಸನಗಳಿವೆ. ಚೋಳರ ಆಳ್ವಿಕೆಯಲ್ಲಿ ತಮಿಳು ಶಾಸನ ಹುಟ್ಟಿದ ಊರಿನ ಬೀದಿಯಲ್ಲಿ ತಮಿಳೇ ಕೇಳಿಸುತ್ತಿತ್ತೆಂದು ಹೇಳುವಂತಿಲ್ಲ. ಶಾಸನವು ಬರೆಸಿದವನ ಅಧಿಕಾರದ ಭಾಷೆಯನ್ನು ತಿಳಿಸುತ್ತದೆ. ರಾಜಘಟ್ಟದ ಬಿಲ್ಲೆ ಒತ್ತಿಸಿದವನ ಧರ್ಮದ ಭಾಷೆಯನ್ನು ತಿಳಿಸುವಂತೆ.

ಧ್ವನಿಯೇ ಉಳಿದುಬಂದಿರುವುದು ತೀರ ಈಚಿನದು. ಗ್ರಿಯರ್ಸನ್ನರ ಭಾರತೀಯ ಭಾಷಾಸಮೀಕ್ಷೆಯ ವ್ಯಾಪ್ತಿಯಿಂದ ಮೈಸೂರು ಸಂಸ್ಥಾನ, ಮದರಾಸು ಪ್ರಾಂತ, ಹೈದರಾಬಾದು ಇವು ಹೊರಗುಳಿದಿದ್ದುವು. ಆ ಸಮೀಕ್ಷೆಗೆ ಸಂಬಂಧಿಸಿದಂತೆ ಪ್ರಾಂತೀಯ ಸರ್ಕಾರಗಳ ಮೂಲಕ ಗ್ರಾಮಫೋನ್ ಮುದ್ರಿಕೆಗಳು ತಯಾರಾದಾಗ ದಕ್ಷಿಣದ ಮಾತುಗಳೂ ಸೇರಿದುವು. ಭಾಷೆ ಯಾವುದು, ಸ್ಥಳ ಯಾವುದು ಎಂಬ ವಿವರಗಳು ಧ್ವನಿಯ ಜೊತೆಯಲ್ಲಿಯೇ ಇರುವುದು ಅವುಗಳ ಹೆಚ್ಚಳ.

೭

ಮೇಲಿನ ವಿಚಾರದಿಂದ ನಮಗೆ ತೋರುವುದಿಷ್ಟು. ಆಕ್ಸಿರಿಂಕಸ್ ಪ್ರಹಸನದ ಮಾತು ದಕ್ಷಿಣ ಭಾರತದ ಯಾವುದೋ ನುಡಿಯ ಕೆಟ್ಟ ಪ್ರತಿಧ್ವನಿಯಾಗಿರಬಹುದು. ಅದು ಕನ್ನಡವೆಂಬುದು ಯೋಗ್ಯವಾದ ಊಹೆ, ಸಿದ್ಧವಾದ ಸಂಗತಿಯಲ್ಲ. ಪಠ್ಯಪುಸ್ತಕಗಳಲ್ಲಿಯೂ ತರಗತಿಯ ಪಾಠಗಳಲ್ಲಿಯೂ ಇದನ್ನು ಊಹೆಯೆಂದೇ ಹೇಳುವುದು ಉಚಿತ.

ಹೀಗೆ ಹೇಳುವುದರಿಂದ ಕನ್ನಡಕ್ಕೆ ಕೊರತೆಯೇನೂ ಇಲ್ಲ. ೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ೪೫೦ರ ಹಲ್ಮಿಡಿ ಶಾಸನವಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವಿದೆ. ೨೦೦೮ರಲ್ಲಿ ಭಾರತ ಸರ್ಕಾರವು ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಮನ್ನಣೆಯನ್ನಿತ್ತಿದೆ. ಇಷ್ಟು ಭದ್ರವಾದ ತಳಹದಿಯಿರುವ ಮನೆಗೆ ಅಲುಗಾಡುವ ಕಂಬವೊಂದನ್ನು ಸೇರಿಸಿದರೆ ಬಲ ಹೆಚ್ಚುವುದಿಲ್ಲ. ಪರೀಕ್ಷಿಸುವವನು ಮೊದಲು ಅದನ್ನೇ ಅಲುಗಿಸಿ ನೋಡುತ್ತಾನೆ.

ಕಿವಿಯ ಸಾಕ್ಷ್ಯವನ್ನು ಬಿಟ್ಟುಬಿಡಬೇಕೆಂದು ನಾವು ಹೇಳುವುದಿಲ್ಲ. ಅದನ್ನು ಸರಿಯಾದ ವಿವರಗಳೊಡನೆ ದಾಖಲೆ ಮಾಡಬೇಕೆಂದು ಮಾತ್ರ ಹೇಳುತ್ತೇವೆ. ಕನ್ನಡ ತೆಲುಗುಗಳು ಒಂದೇ ಅಂಗಳದಲ್ಲಿ ಕೇಳಿಸುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಹಳ್ಳಿಗಳು ಇದಕ್ಕೆ ತಕ್ಕ ಕ್ಷೇತ್ರಗಳು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ತಮ್ಮ ತಮ್ಮ ಊರಿನ ವೃದ್ಧರು ಕಿವಿ, ಕೆರೆ, ಹಾಲು, ಬೇರೆ ಎಂಬಂಥ ಹತ್ತಿಪ್ಪತ್ತು ಶಬ್ದಗಳನ್ನು ಮನೆಯಲ್ಲಿ ಹೇಗೆ, ಬೀದಿಯಲ್ಲಿ ಹೇಗೆ ನುಡಿಯುತ್ತಾರೆಂಬುದನ್ನು ಮುದ್ರಿಸಿಕೊಂಡು, ಊರಿನ ಹೆಸರನ್ನೂ ನುಡಿದವರ ವಯಸ್ಸನ್ನೂ ತಾರೀಖನ್ನೂ ಬರೆದಿಟ್ಟರೆ ಅದು ಸಣ್ಣ ಕೆಲಸವಲ್ಲ. ಹರಕೆಯ ಬಿಲ್ಲೆಯನ್ನೊತ್ತಿದ ರಾಜಘಟ್ಟದವನ ಮಾತನ್ನು ನಾವು ಇನ್ನು ಕೇಳಲಾರೆವು. ಇಂದಿನ ರಾಜಘಟ್ಟದವರ ಮಾತು ಮುಂದಿನವರಿಗೆ ಕೇಳಿಸುವಂತೆ ಮಾಡುವುದು ನಮ್ಮ ಕೈಯಲ್ಲಿದೆ.